ಆಷಾಢದ ನಾಲ್ಕು ಭಾನುವಾರ: ಸಾಗರದ ಚಿತ್ರಮಂದಿರವೊಂದರಲ್ಲಿ ಸಾಕ್ಷ್ಯಚಿತ್ರಗಳ ತಿಂಗಳು

ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ದೊಡ್ಡ ನಟರ ಹೊಸ ಚಿತ್ರಗಳೂ ಸಾಮಾನ್ಯವಾಗಿ ಬರುವುದಿಲ್ಲ. ಮಲೆನಾಡಿನ ಒಂಟಿ ಪರದೆಯ ಚಿತ್ರಮಂದಿರಗಳಿಗೆ ಅದು ದಂಡದ ತಿಂಗಳು. 2025ರ ಆಷಾಢದಲ್ಲಿ ಸಾಗರ ಪಟ್ಟಣದ ಅಂಥದೊಂದು ಮಂದಿರದ ಮಾಲೀಕರು ಭಾನುವಾರದ ಬೆಳಗಿನ ಆಟವನ್ನು ನಮ್ಮ ಗುಂಪಿಗೆ ಬಿಟ್ಟುಕೊಟ್ಟರು. ಜೂನ್ 29ರಿಂದ ಜುಲೈ 20ರವರೆಗೆ ನಾಲ್ಕು ಭಾನುವಾರ, ವಾರಕ್ಕೊಂದು ಸಾಕ್ಷ್ಯಚಿತ್ರ, ಅದರ ಜೊತೆಗೊಂದು ಮಾತುಕತೆ. ಗುಂಪಿನಲ್ಲಿದ್ದವರು ಕಾಲೇಜಿನ ಕೆಲವು ಅಧ್ಯಾಪಕರು, ಒಬ್ಬ ಔಷಧಿ ಅಂಗಡಿಯವರು, ಇಬ್ಬರು ಅಡಿಕೆ ಬೆಳೆಗಾರರು ಮತ್ತು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ತಾಳಮದ್ದಳೆ ಅರ್ಥಧಾರಿ, ಅಂದರೆ ವೇಷವಿಲ್ಲದೆ ಕುಳಿತು ಯಕ್ಷಗಾನ ಪ್ರಸಂಗದ ಪಾತ್ರಗಳ ಪರವಾಗಿ ಆಶುವಾಗಿ ಮಾತನಾಡುವವರು. ಈ ಕೊನೆಯವರು ಪ್ರಕರಣದಲ್ಲಿ ಮುಖ್ಯರಾಗುತ್ತಾರೆ.

ಇದನ್ನು ಬರೆದಿಡುವುದಕ್ಕೆ ಜನ ಮುಗಿಬಿದ್ದು ಬಂದರೆಂಬುದು ಕಾರಣವಲ್ಲ. ಒಂದು ವಾರವೂ ಮಂದಿರ ತುಂಬಲಿಲ್ಲ. ಮೂರನೆಯ ವಾರ ತೋರಿಸಿದ ಚಿತ್ರದ ಒಂದು ತುಣುಕನ್ನು ನಾಲ್ಕನೆಯ ವಾರ ಮತ್ತೆ ತೋರಿಸಬೇಕಾಗಿ ಬಂತು. ಚಿತ್ರ ಅದೇ, ಜನರೂ ಬಹುಮಟ್ಟಿಗೆ ಅವರೇ. ಆದರೆ ಎರಡು ದಿನ ಅವರು ಕಂಡದ್ದು ಎರಡು ಬೇರೆ ಚಿತ್ರಗಳನ್ನೇನೋ ಎಂಬಂತೆ ಮಾತು ಹರಿಯಿತು. ಚಿತ್ರ ತೋರಿಸಿ ಸಂವಾದ ಏರ್ಪಡಿಸುವ ಯಾವ ಊರಿನವರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಮಾಲೀಕರ ಷರತ್ತು

ಮಾಲೀಕರು ಬಾಡಿಗೆ ಕೇಳಲಿಲ್ಲ. ವಿದ್ಯುತ್ತು, ಜನರೇಟರಿನ ಡೀಸೆಲ್, ಸಿಬ್ಬಂದಿಯ ಕೂಲಿ ಕೊಟ್ಟರೆ ಸಾಕೆಂದರು. ಅವರ ಷರತ್ತು ಒಂದೇ: “ಸೆನ್ಸಾರ್ ಸರ್ಟಿಫಿಕೇಟ್ ಇಲ್ಲದ ಒಂದು ನಿಮಿಷದ ಚಿತ್ರವೂ ನನ್ನ ಪರದೆಯ ಮೇಲೆ ಬರಬಾರದು ಮೇಷ್ಟ್ರೇ.”

ಸಾಕ್ಷ್ಯಚಿತ್ರಕ್ಕೆ ಎಂಥ ಸೆನ್ಸಾರ್ ಎಂದು ಕೇಳುವವರು ಗುಂಪಿನಲ್ಲೇ ಇದ್ದರು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಕಥಾಚಿತ್ರ, ಸಾಕ್ಷ್ಯಚಿತ್ರ ಎಂದು ಭೇದ ಮಾಡುವುದಿಲ್ಲ. ಸಾರ್ವಜನಿಕವಾಗಿ ತೋರಿಸುವ ಯಾವುದಕ್ಕೂ ಪ್ರಮಾಣಪತ್ರ ಬೇಕು. ಚಿತ್ರ ತೋರಿಸುವ ಮೊದಲೇ ಸೆನ್ಸಾರ್ ಮಾಡುವುದು ಸರಿಯೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕೆ.ಎ. ಅಬ್ಬಾಸ್. ಅವರು ಒಯ್ದದ್ದೂ ಒಂದು ಕಿರು ಸಾಕ್ಷ್ಯಚಿತ್ರದ ಪ್ರಕರಣವನ್ನೇ. ನ್ಯಾಯಾಲಯ 1970ರಲ್ಲಿ ಸೆನ್ಸಾರ್ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಇತ್ತ ಮಂದಿರದ ಪರವಾನಗಿ ಇರುವುದು 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಕೆಳಗೆ, ಜಿಲ್ಲಾಡಳಿತದ ಕೈಯಲ್ಲಿ. ಹೆಚ್ಚುಕಡಿಮೆಯಾದರೆ ನಾಲ್ಕು ವಾರ ಬಂದುಹೋಗುವ ನಮಗೇನೂ ಆಗುವುದಿಲ್ಲ, ಬೀಗ ಬೀಳುವುದು ಅವರ ಬಾಗಿಲಿಗೆ. ಷರತ್ತು ನ್ಯಾಯವಾಗಿಯೇ ಇತ್ತು.

ಆದರೆ ಆ ಷರತ್ತಿನಿಂದಾಗಿ ಪಟ್ಟಿಯ ಅರ್ಧಕ್ಕರ್ಧ ಉದುರಿಹೋಯಿತು. ಒಳ್ಳೆಯ ಸಾಕ್ಷ್ಯಚಿತ್ರಗಳು ಸುತ್ತುವುದೆಲ್ಲ ಚಿತ್ರೋತ್ಸವಗಳಲ್ಲಿ. ಅಲ್ಲಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡುತ್ತದೆ, ಹಾಗಾಗಿ ಎಷ್ಟೋ ನಿರ್ದೇಶಕರು ಪ್ರಮಾಣಪತ್ರದ ಗೋಜಿಗೆ ಹೋಗುವುದಿಲ್ಲ. ಶರಾವತಿ ಮುಳುಗಡೆಯ ಕುಟುಂಬಗಳ ಬಗ್ಗೆ ನಮ್ಮದೇ ತಾಲೂಕಿನ ಹುಡುಗರು ಮಾಡಿದ ಚಿತ್ರವೂ ಈ ಹಂತದಲ್ಲಿಯೇ ಬಿದ್ದುಹೋಯಿತು. ಕೊನೆಗೆ ಹಿಡಿದ ದಾರಿ ಸುಲಭದ್ದು: ರಾಷ್ಟ್ರಪ್ರಶಸ್ತಿಗೆ ಪ್ರವೇಶ ಪಡೆಯಲು ಪ್ರಮಾಣಪತ್ರ ಕಡ್ಡಾಯ, ಆದ್ದರಿಂದ ಆ ಪ್ರಶಸ್ತಿ ಗೆದ್ದ ಚಿತ್ರಗಳಿಂದ ಹುಡುಕಾಟ ಶುರುಮಾಡುವುದು. “2023ರಲ್ಲಿ ಆಸ್ಕರ್ ಬಂದ ಆನೆಯ ಚಿತ್ರವನ್ನು ಯಾಕೆ ಹಾಕುವುದಿಲ್ಲ, ನನ್ನ ಮೊಬೈಲಿನಲ್ಲಿಯೇ ಇದೆಯಲ್ಲ” ಎಂದು ಕೇಳಿದವರಿಗೆ ಲೆಕ್ಕವಿಲ್ಲ. ತಿಂಗಳ ಚಂದಾ ಕಟ್ಟಿದವನಿಗೆ ಸಿಗುವುದು ಮನೆಯಲ್ಲಿ ನೋಡುವ ಹಕ್ಕು, ಊರಿಗೆ ತೋರಿಸುವ ಹಕ್ಕಲ್ಲ ಎಂದು ವಿವರಿಸಿ ಸಾಕಾಯಿತು.

ಮಾಲೀಕರಿಗೆ ಸಾಕ್ಷ್ಯಚಿತ್ರ ಹೊಸದೇನಲ್ಲ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿದ ಮೇಲೆ ಪ್ರತಿ ಆಟಕ್ಕೂ ಮೊದಲು ಅದರ ಸುದ್ದಿಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸುವುದು ಪರವಾನಗಿಯ ಷರತ್ತಾಗಿತ್ತು. ಅದಕ್ಕಾಗಿ ಮಂದಿರಗಳು ನಿವ್ವಳ ಗಳಿಕೆಯ ಶೇ 1ರಷ್ಟನ್ನು ತೆರಬೇಕಿತ್ತು. ಈ ಕಡ್ಡಾಯವನ್ನು ಪ್ರಶ್ನಿಸಿ ಪ್ರದರ್ಶಕರು ನ್ಯಾಯಾಲಯಕ್ಕೆ ಹೋದಾಗ 1999ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟಿತು. “ನ್ಯೂಸ್ ರೀಲ್ ಓಡುವಾಗ ಜನ ಹೊರಗೆ ಬೀಡಿ ಸೇದುತ್ತಿದ್ದರು. ಅಪ್ಪ ದುಡ್ಡು ಕೊಟ್ಟು ತೋರಿಸುತ್ತಿದ್ದರು, ಈಗ ನೀವು ದುಡ್ಡು ಕೊಟ್ಟು ತೋರಿಸುತ್ತೀರಿ. ಇದಕ್ಕೆ ನೋಡುವವನೇ ದುಡ್ಡು ಕೊಟ್ಟದ್ದನ್ನು ಮಾತ್ರ ನಾನು ಕಂಡಿಲ್ಲ” ಎಂದರು ಮಾಲೀಕರು. ಟಿಕೆಟ್ ಇಡಲೇಬೇಕೆಂಬ ನಮ್ಮ ಹಟ ಗಟ್ಟಿಯಾದದ್ದು ಈ ಮಾತಿನಿಂದ. ಟಿಕೆಟ್ಟಿಗೆ 50 ರೂಪಾಯಿ, ಆಗಿನ ಶೇ 12ರ ಜಿಎಸ್‌ಟಿ ಸೇರಿ. (ಸೆಪ್ಟೆಂಬರಿನಲ್ಲಿ ಅದು ಶೇ 5ಕ್ಕೆ ಇಳಿಯಿತು, ನಮಗೆ ದಕ್ಕಲಿಲ್ಲ.)

ಶೀಟಿನ ಮಾಡು, ಇಪ್ಪತ್ತೈದು ಚೌಕಟ್ಟು

ಹಳೆಯ ಮಂದಿರವಾದ್ದರಿಂದ ಮೇಲೆ ಶೀಟಿನ ಮಾಡು. ಹಾಡು, ಹೊಡೆದಾಟಗಳ ಚಿತ್ರಕ್ಕೆ ಮಳೆಯ ಸದ್ದು ಲೆಕ್ಕಕ್ಕಿಲ್ಲ. ಮುದುಕಿಯೊಬ್ಬಳು ಜಗಲಿಯಲ್ಲಿ ಕುಳಿತು ಮೆಲ್ಲಗೆ ಮಾತನಾಡುವ ಚಿತ್ರಕ್ಕೆ ಅದೇ ದೊಡ್ಡ ಶತ್ರು. ಬಾಲ್ಕನಿಯ ಅಡಿಯಲ್ಲಿ ಸದ್ದು ಬಹಳ ಕಡಿಮೆ ಎಂಬುದನ್ನು ಕಂಡುಹಿಡಿದವನು ಅಲ್ಲಿನ ಆಪರೇಟರ್. ಎರಡನೆಯ ವಾರದಿಂದ ಎಲ್ಲರನ್ನೂ ಅಲ್ಲಿಯೇ ಕೂರಿಸಿದೆವು. ಅದರ ಪರಿಣಾಮ ಬೇರೆಯೇ ಆಯಿತು. ವೇದಿಕೆಯಿಂದ ಮಾತನಾಡಿದರೆ ಈ ಜನ ಬಲು ದೂರ. ಅತಿಥಿಗಳು ಕೆಳಗಿಳಿದು, ಕುರ್ಚಿಗಳ ನಡುವಿನ ಓಣಿಯಲ್ಲಿ ನಿಂತು ಮಾತನಾಡಬೇಕಾಯಿತು. ಓಣಿಯಲ್ಲಿ ನಿಂತವರು ಭಾಷಣ ಮಾಡಲಾರರು.

ಚಿತ್ರ ಓಡಿಸುವುದೂ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಇಂದಿನ ಮಂದಿರಗಳಲ್ಲಿ ಚಿತ್ರ ಬರುವುದು ಕ್ಯೂಬ್, ಯುಎಫ್‌ಒದಂಥ ಕಂಪನಿಗಳ ಸರ್ವರಿನ ಮೂಲಕ, ಬೀಗಮುದ್ರೆಯಾಗಿ. ಪೆನ್‌ಡ್ರೈವಿನಲ್ಲಿ ತಂದ ಕಡತವನ್ನು ಆ ಸರ್ವರ್ ಮುಟ್ಟುವುದೂ ಇಲ್ಲ. ಹಾಗಾಗಿ ಮೂರನೆಯ ವಾರದ ಚಿತ್ರವನ್ನು ಚಿತ್ರಮಂದಿರದ ರೂಪಕ್ಕೆ ಪರಿವರ್ತಿಸಿ ತರಿಸಿದ್ದೆವು. ಶನಿವಾರ ರಾತ್ರಿ ಕೊನೆಯ ಆಟ ಮುಗಿದ ಮೇಲೆ ಪರೀಕ್ಷೆ ಮಾಡುವಾಗ ಆಪರೇಟರ್ ಐದೇ ನಿಮಿಷಕ್ಕೆ ನಿಲ್ಲಿಸಿದ. “ಈ ಹಾಡುವ ಹೆಂಗಸಿನ ದನಿ ದಪ್ಪವಾಗಿದೆ ಸಾರ್, ನೆಗಡಿಯಾದವರ ಹಾಗೆ.” ಅವನ ಕಿವಿ ಸರಿಯಾಗಿತ್ತು. ಚಿತ್ರ ಟಿವಿಯ ಲೆಕ್ಕದಲ್ಲಿ ಸೆಕೆಂಡಿಗೆ 25 ಚೌಕಟ್ಟಿನಂತೆ (ಫ್ರೇಮ್) ತೆಗೆದದ್ದು. ಪರಿವರ್ತಿಸಿದವರು ಅದನ್ನು ಸಿನಿಮಾದ 24ಕ್ಕೆ ಹಾಗೆಯೇ ಎಳೆದಿದ್ದರು. ವೇಗ ಶೇ 4ರಷ್ಟು ತಗ್ಗಿತ್ತು, ಹಾರ್ಮೋನಿಯಂ ಲೆಕ್ಕದಲ್ಲಿ ಶ್ರುತಿ ಮುಕ್ಕಾಲು ಮನೆಯಷ್ಟು ಇಳಿದಿತ್ತು. ಸರ್ವರನ್ನು ಬಿಟ್ಟು ಲ್ಯಾಪ್‌ಟಾಪನ್ನು ನೇರವಾಗಿ ಪ್ರೊಜೆಕ್ಟರಿಗೆ ಜೋಡಿಸಿದಾಗ ದನಿ ಸರಿಹೋಯಿತು. ಆಗ ಇನ್ನೊಂದು ತೊಡಕು: ಮಾತೆಲ್ಲ ಪರದೆಯ ಎಡ ಬಲದ ಸ್ಪೀಕರುಗಳಿಂದ ಬರತೊಡಗಿತು. ಗೋಡೆಬದಿಯಲ್ಲಿ ಕುಳಿತವನಿಗೆ ಪರದೆಯ ನಡುವೆ ಇರುವ ಮನುಷ್ಯ ಮೂಲೆಯಿಂದ ಮಾತನಾಡಿದಂತೆ ಕೇಳುತ್ತದೆ. ಮಾತನ್ನು ನಡುವಿನ ಸ್ಪೀಕರಿಗೆ ತಿರುಗಿಸುವ ಹೊತ್ತಿಗೆ ಮಧ್ಯರಾತ್ರಿ ಕಳೆದಿತ್ತು.

ಮೊದಲೆರಡು ವಾರ

ಮೊದಲ ಚಿತ್ರ ಗಿರೀಶ ಕಾರ್ನಾಡರ ‘ಕನಕ ಪುರಂದರ’. 1988ರದ್ದು, ರಾಷ್ಟ್ರಪ್ರಶಸ್ತಿ ಪಡೆದದ್ದು. ದಾಸಸಾಹಿತ್ಯ ಬಲ್ಲ ವಿದ್ವಾಂಸರೊಬ್ಬರು ಚಿತ್ರಕ್ಕೆ ಮೊದಲು ವೇದಿಕೆಯಿಂದ ಮಾತನಾಡಿದರು. ಮಳೆಗೆ ಅರ್ಧ ಕೇಳಲಿಲ್ಲ, ಕೇಳಿದ ಅರ್ಧದಲ್ಲಿ ಚಿತ್ರ ಹೇಳಬೇಕಾದದ್ದೆಲ್ಲ ಬಂದುಹೋಯಿತು. ಆಮೇಲೆ ಜನ ಚಿತ್ರವನ್ನು ನೋಡಿದ್ದು ಉಪನ್ಯಾಸದ ಉದಾಹರಣೆಯೆಂಬಂತೆ. ಮುಂದಿನ ವಾರದಿಂದ ಮಾತನ್ನು ಚಿತ್ರದ ನಂತರಕ್ಕೆ ಹಾಕಲಾಯಿತು.

ಎರಡನೆಯ ಭಾನುವಾರ, ಜುಲೈ 6, ಪ್ರಥಮ ಏಕಾದಶಿ. ಕ್ಯಾಂಟೀನಿನವರು ಕರಿದ ಬಜ್ಜಿ ಹಾಗೆಯೇ ಉಳಿಯಿತು. ಮಳೆಯೂ ಹೊಳವಾಗಿತ್ತು. ಆಷಾಢದಲ್ಲಿ ಹೊಳವಾಯಿತೆಂದರೆ ಅಡಿಕೆ ಬೆಳೆಗಾರರೆಲ್ಲ ತೋಟದಲ್ಲಿ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಲು ಸಿಗುವುದು ಅಂಥ ಒಂದೆರಡು ಹೊತ್ತು ಮಾತ್ರ. ನಮ್ಮ ಪ್ರೇಕ್ಷಕರ ಸಂಖ್ಯೆ ಮಳೆಯ ಜೊತೆ ಏರಿ, ಬಿಸಿಲಿನ ಜೊತೆ ಇಳಿಯುತ್ತಿತ್ತು. ಅಂದಿನ ಚಿತ್ರ ಪಶ್ಚಿಮ ಘಟ್ಟದ ಕಾಡಿನದು, ನೋಡಲು ಬಲು ಚೆಂದ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ನೆನಪಿಡಬೇಕಾದದ್ದು ಒಬ್ಬ ಆಶಾ ಕಾರ್ಯಕರ್ತೆಯದು: “ಇಷ್ಟು ಹೊತ್ತು ಕಾಡು ತೋರಿಸಿದಿರಿ, ಉಣುಗು ಎಲ್ಲಿ?” ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮದೇ ತಾಲೂಕಿನ ಅರಳಗೋಡು ಸೀಮೆಯಲ್ಲಿ ಸಾಲುಸಾಲು ಸಾವು ಕಂಡಿದ್ದೇವೆ. ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳದೆ ದರಗು ತರಲು ಹೋಗಬೇಡಿ ಎಂದು ಮನೆಮನೆಗೆ ಹೇಳಿ ಬರುವವರಿಗೆ ಆ ಕಾಡು ಅಪೂರ್ಣವಾಗಿ ಕಂಡದ್ದರಲ್ಲಿ ತಪ್ಪೇನಿದೆ? ಅತಿಥಿಯಾಗಿ ಬಂದಿದ್ದ ನಿಸರ್ಗಪ್ರಿಯರು ಬೇರೆ ವಿಷಯಕ್ಕೆ ಜಾರಿಕೊಂಡರು.

ಚಿತ್ರದಲ್ಲಿಲ್ಲದ ಒಂದು ಮಾತು

ಮೂರನೆಯ ಭಾನುವಾರ ಜುಲೈ 13. ಮರುದಿನ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ 2.44 ಕಿಲೋಮೀಟರಿನ ಸಿಗಂದೂರು ಸೇತುವೆಯ ಉದ್ಘಾಟನೆ. ಸಾಗರದ ತುಂಬ ಅದೇ ಮಾತು. ತುಮರಿ ಕಡೆಯವರು ಲಾಂಚಿಗೆ ಕಾದು ದಾಟುವ ಕಡೆಯ ಭಾನುವಾರವೂ ಅದೇ ಆಗಿತ್ತು. ಆ ದಿನಕ್ಕೆ ನರ್ಮದಾ ಕಣಿವೆಯ ಮುಳುಗಡೆಯ ಚಿತ್ರವನ್ನು ಇಟ್ಟದ್ದು ಬೇಕೆಂದೇ. ಮಳೆ ಧೋ ಎಂದು ಸುರಿಯುತ್ತಿತ್ತು, ಬೆಳೆಗಾರರೂ ಬಂದಿದ್ದರು. ನಾಲ್ಕು ವಾರಗಳಲ್ಲಿ ಹೆಚ್ಚು ಜನ ಸೇರಿದ್ದು ಅಂದು.

ಚಿತ್ರ ಹಿಂದಿ ಮತ್ತು ಅಲ್ಲಿನ ಆಡುಮಾತಿನಲ್ಲಿತ್ತು, ಕೆಳಗೆ ಇಂಗ್ಲಿಷ್ ಉಪಶೀರ್ಷಿಕೆ. ವಯಸ್ಸಾದವರಿಗೆ ಕಷ್ಟವೆಂದು ನಮ್ಮ ಅರ್ಥಧಾರಿಗಳು ಕತ್ತಲಲ್ಲಿ ಮೈಕು ಹಿಡಿದು, ಆಗಾಗ ಕನ್ನಡದಲ್ಲಿ ಹೇಳಿಕೊಡುವುದೆಂದು ಗೊತ್ತಾಗಿತ್ತು. ಮೊದಲ ಅರ್ಧಗಂಟೆ ಅಚ್ಚುಕಟ್ಟಾಗಿಯೇ ಹೇಳಿದರು. ಆಮೇಲೆ ನಿವೃತ್ತ ಎಂಜಿನಿಯರ್ ಒಬ್ಬರ ಸಂದರ್ಶನ ಬಂತು. “ನೀವು ಸರ್ವೆ ಮಾಡಿದ ಊರುಗಳ ಹೆಸರು ನೆನಪಿವೆಯೇ?” ಎಂದು ನಿರ್ದೇಶಕಿ ಕೇಳುತ್ತಾರೆ. ಆತ ಒಂದು ವಾಕ್ಯ ಹೇಳಿ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ಅರ್ಥಧಾರಿಗಳ ದನಿ ಮಂದಿರದ ತುಂಬ ಮೊಳಗಿತು: “ನಾಡಿಗೆ ಬೆಳಕಾಗಬೇಕೆಂದರೆ ಯಾರಾದರೂ ಕತ್ತಲೆಗೆ ಇಳಿಯಲೇಬೇಕಷ್ಟೆ!”

ಮಂದಿರ ಗುಜುಗುಜು ಎಂದಿತು. ಚಿತ್ರ ಮುಗಿದು ದೀಪ ಹತ್ತಿದ್ದೇ ತಡ, ಹಿನ್ನೀರಿನ ಕಡೆಯ ಹಿರಿಯರೊಬ್ಬರು ಎದ್ದುನಿಂತರು. ಮೊದಲು ಮಡೆನೂರು ಅಣೆಕಟ್ಟೆ, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಎರಡೆರಡು ಸಲ ಎದ್ದ ಮನೆತನ ಅವರದು. “ಕತ್ತಲೆಗೆ ಇಳಿಯುವವರು ನಾವೇ ಆಗಬೇಕೆಂದು ಬರೆದವರು ಯಾರು?” ಎಂದು ಪರದೆಯ ಕಡೆಗೇ ಕೈಮಾಡಿ ಕೇಳಿದರು. ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೋಗಿ ಕಾಡಿನಲ್ಲಿ ಇಳಿದದ್ದು, ಕೊಟ್ಟ ಭೂಮಿ ದಾಖಲೆಯಲ್ಲಿ ಇಂದಿಗೂ ಅರಣ್ಯವೇ ಆಗಿರುವುದು, ಜೋಗದಲ್ಲಿ ಹುಟ್ಟಿದ ವಿದ್ಯುತ್ತು ತಮ್ಮ ಮನೆಗೆ ಬರಲು ಹಿಡಿದ ಕಾಲ. ಅವರ ನಂತರ ಇನ್ನೊಬ್ಬರು, ಮತ್ತೊಬ್ಬರು. ಮಧ್ಯಾಹ್ನದ ಆಟಕ್ಕೆ ಜನ ಗೇಟಿನ ಬಳಿ ನಿಂತಿದ್ದರೂ ಮಾತು ನಿಲ್ಲಲಿಲ್ಲ.

ಸಂಜೆ ಗುಂಪಿನವರೆಲ್ಲ ಕಾರ್ಯಕ್ರಮ ಗೆದ್ದಿತೆಂದು ಬೀಗಿದರು. ನನಗೆ ಹಾಗೆ ಅನಿಸಲಿಲ್ಲ. ಆ ಹಿರಿಯರ ಮಾತಿಗೆ ಬೆಲೆ ಕಟ್ಟಲಾಗದು, ನಿಜ. ಆದರೆ ಆ ಮಾತು ಹೊರಡಲು ಚಿತ್ರವೇ ಬೇಕಿರಲಿಲ್ಲ, ಒಂದು ಭಾವಚಿತ್ರ ತೋರಿಸಿದ್ದರೂ ಸಾಕಿತ್ತು. ನರ್ಮದೆಯ ಜನ ಏನು ಹೇಳಿದರೆಂಬುದನ್ನು ಕುರಿತು ಯಾರೂ ಒಂದು ಮಾತನ್ನೂ ಆಡಲಿಲ್ಲ. ನಮ್ಮೂರಿನ ಸಂಕಟ ದೊಡ್ಡದೆಂದು ಬೇರೆ ಊರಿನವರ ಸಂಕಟದ ಮುಂದೆ ಕೂಗಿ ಹೇಳಿದಂತಾಯಿತು.

ಅಸಲು ವಿಷಯ ಹೊರಬಿದ್ದದ್ದು ಬುಧವಾರ. ಚಿತ್ರವನ್ನು ಕಾಲೇಜಿನಲ್ಲಿ ಪಾಠಕ್ಕೆ ಬಳಸಬೇಕೆಂದು ನಿರ್ದೇಶಕಿಯ ಒಪ್ಪಿಗೆ ಪಡೆದು ಕನ್ನಡ ಉಪಶೀರ್ಷಿಕೆ ಬರೆಯಲು ಕುಳಿತ ಇಬ್ಬರು ವಿದ್ಯಾರ್ಥಿನಿಯರು, ಬೆಳಕು ಕತ್ತಲೆಯ ಆ ಮಾತು ಎಲ್ಲಿದೆ ಎಂದು ಹುಡುಕಿ ಸೋತರು. ಅದು ಚಿತ್ರದಲ್ಲಿ ಇರಲೇ ಇಲ್ಲ. ಎಂಜಿನಿಯರ್ ಹೇಳುವುದು “ಪಟ್ಟಿ ಇತ್ತು, ಕಚೇರಿಯಲ್ಲಿ ಇದ್ದೀತು” ಎಂದಷ್ಟೇ. ಆಮೇಲೆ ಮೌನ. ಒಂದು ಗಂಟೆ ಕಾಲ ಇಡೀ ಮಂದಿರ ಜಗಳವಾಡಿದ್ದು ನಮ್ಮ ಅರ್ಥಧಾರಿಗಳ ಸ್ವಂತ ವಾಕ್ಯದೊಂದಿಗೆ.

ಕೇಳಿದಾಗ ಅವರು ಅಂಜಲಿಲ್ಲ. “ಮುಮ್ಮೇಳದವನು ಸುಮ್ಮನೆ ಕುಳಿತರೆ ಪ್ರಸಂಗ ಕೆಡುತ್ತದೆ. ಆತ ಅಷ್ಟು ಹೊತ್ತು ಬಾಯಿ ಬಿಡದಿದ್ದರೆ ಅವನ ಪಕ್ಷ ವಹಿಸಿ ಯಾರಾದರೂ ಮಾತನಾಡಬೇಡವೇ?” ಎಂದರು. ಐವತ್ತು ವರ್ಷ ಕೌರವನಿಗೂ ವಾಲಿಗೂ ವಕಾಲತ್ತು ವಹಿಸಿದ ನಾಲಿಗೆ ಅದು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸುವುದೇ ಅಲ್ಲಿ ಹಿರಿಮೆ. ಆ ಹಿರಿಮೆಗೆ ಸಾಕ್ಷ್ಯಚಿತ್ರದಲ್ಲಿ ಜಾಗವಿಲ್ಲ ಎಂಬುದನ್ನು ಅವರು ಒಪ್ಪಲು ಎರಡು ಲೋಟ ಕಾಫಿ ಹಿಡಿಯಿತು.

ಏಳು ನಿಮಿಷ, ಎರಡು ಸಲ

ನಾಲ್ಕನೆಯ ವಾರಕ್ಕೆ ಕಿರುಚಿತ್ರಗಳ ಗೊಂಚಲು ಇತ್ತು. ಅದರಲ್ಲಿ ಎರಡನ್ನು ಕೈಬಿಟ್ಟು, ಎಂಜಿನಿಯರ್ ಬರುವ ಏಳು ನಿಮಿಷವನ್ನು ಮತ್ತೆ ತೋರಿಸುವುದೆಂದು ತೀರ್ಮಾನವಾಯಿತು: ಒಮ್ಮೆ ದನಿಯೊಂದಿಗೆ, ಒಮ್ಮೆ ದನಿಯಿಲ್ಲದೆ. ಇದೇನೂ ನಾವು ಕಂಡುಹಿಡಿದ ವಿದ್ಯೆಯಲ್ಲ. ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದ ಮೇಲೆ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಅಧ್ಯಾಪಕ ಸತೀಶ್ ಬಹಾದೂರ್ ಬಂದು ನಡೆಸಿದ ರಸಗ್ರಹಣ ಶಿಬಿರಗಳನ್ನು ಕಂಡವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಚಿತ್ರವನ್ನು ಬಿಡಿಸಿ ನೋಡುವ ಅಭ್ಯಾಸ ಇಲ್ಲಿ ಅಡಿಕೆ ತೋಟದ ನಡುವೆಯೇ ಬೆಳೆದದ್ದು. ಅದನ್ನು ಪೇಟೆಯ ಮಂದಿರಕ್ಕೆ ತಂದೆವು ಅಷ್ಟೆ.

ಜುಲೈ 20ರಂದು ಜನ ಕಡಿಮೆ. ಹೊಸ ಸೇತುವೆ ನೋಡಲು ಅರ್ಧ ಸಾಗರ ಹೊರಟಿತ್ತು. ಆದರೆ ಆ ಹಿರಿಯರು ಬಂದರು, ಈ ಸಲ ಸೇತುವೆಯ ಮೇಲೆ ಬಸ್ಸಿನಲ್ಲಿ, ಮೊಮ್ಮಗಳ ಜೊತೆ.

ದನಿಯಿಲ್ಲದೆ ತೋರಿಸಿದಾಗ ಮೊದಲು ಮಾತನಾಡಿದವರು ಹೊಲಿಗೆ ಕಲಿಸುವ ಒಬ್ಬ ಮಹಿಳೆ. “ಆ ಕೈಗಳನ್ನು ನೋಡಿ. ಮೇಜಿನ ಮೇಲೆ ಒಂದೇ ಕಾಗದ ಇರುವುದು. ಅದನ್ನೇ ಮೂರು ಸಲ ಅಂಚು ಕೂಡಿಸಿ ಇಡುತ್ತಾರೆ.” ಹಿಂದಿನ ವಾರ ಅದನ್ನು ಯಾರೂ ಕಂಡಿರಲಿಲ್ಲ. ಮತ್ತೊಬ್ಬರು ಗೋಡೆಯ ಮೇಲಿನ ಕ್ಯಾಲೆಂಡರು ಆ ವರ್ಷದ್ದಲ್ಲ ಎಂದು ತೋರಿಸಿದರು. ಕಾಲೇಜಿನ ಹುಡುಗನೊಬ್ಬ ಎದ್ದು, ಇದು ಅನ್ಯಾಯ ಎಂದ: ಉತ್ತರ ಗೊತ್ತಿಲ್ಲದ ಮುದುಕನ ಮುಖದ ಮೇಲೆ ಕ್ಯಾಮೆರಾವನ್ನು ಅಷ್ಟು ಹೊತ್ತು ಇಡುವುದು ಪೊಲೀಸರ ಕೆಲಸ, ನಿರ್ದೇಶಕರದಲ್ಲ. ಇದಕ್ಕೆ ಹೊಲಿಗೆಯವರು ಒಪ್ಪಲಿಲ್ಲ. ಕ್ಯಾಮೆರಾ ಮುಖದ ಮೇಲಿಲ್ಲ, ಹಿಂದಕ್ಕೆ ಸರಿದೇ ಇದೆ, ಬೇಕಿದ್ದರೆ ಇನ್ನೊಮ್ಮೆ ಹಾಕಿ ಎಂದರು. ಇನ್ನೊಮ್ಮೆ ಹಾಕಿದೆವು. ಅವರು ಹೇಳಿದ್ದು ಸರಿಯಾಗಿತ್ತು. ಹುಡುಗ ಅಷ್ಟಕ್ಕೆ ಸೋಲೊಪ್ಪದೆ, ದೂರದಿಂದ ಕಾಡಿದರೂ ಕಾಡಿದ್ದೇ ಎಂದ. ಈ ವಾದ ಇತ್ಯರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನಾಲ್ಕು ವಾರಗಳಲ್ಲಿ ಚಿತ್ರದ ಬಗ್ಗೆಯೇ ನಡೆದ ಮೊದಲ ಜಗಳ ಅದು.

ಬೆಳಕು ಕತ್ತಲೆಯ ವಾಕ್ಯ ಎಂಜಿನಿಯರನದಲ್ಲ, ತಮ್ಮದು ಎಂದು ಅರ್ಥಧಾರಿಗಳೇ ನಿಂತು ಹೇಳಿದರು. ಜನ ನಕ್ಕರು. ಹಿರಿಯರು ನಗಲಿಲ್ಲ. “ಹಾಗಾದರೆ ಹೋದ ವಾರ ನಾನು ಬೈದದ್ದು ನಿಮ್ಮನ್ನು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಬೈದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಈ ಮನುಷ್ಯ ಮಾತನಾಡದೆ ಇದ್ದಿರಬಹುದು, ಸಹಿಯನ್ನಂತೂ ಹಾಕಿದ್ದಾರಲ್ಲ” ಎಂದು ಸೇರಿಸಿದರು. ಆಮೇಲೆ ಅವರು ಕೇಳಿದ್ದು ನರ್ಮದೆಯ ಬಗ್ಗೆ: ಅಲ್ಲಿ ಭೂಮಿಗೆ ಬದಲು ಭೂಮಿ ಕೊಟ್ಟರೇ, ಎಷ್ಟು ಮಂದಿಗೆ, ಪತ್ರ ಆಯಿತೇ? ಅಂದು ಅತಿಥಿಯಾಗಿದ್ದ ವಕೀಲರು ತಮಗೆ ತಿಳಿದಷ್ಟು ಹೇಳಿದರು. ಸಿದ್ಧಪಡಿಸಿ ತಂದಿದ್ದ ಉಪನ್ಯಾಸ ಅವರ ಚೀಲದಲ್ಲಿಯೇ ಉಳಿಯಿತು.

ಮುಂದಿನ ವರ್ಷಕ್ಕೆ

ಹಣದ ವಿಷಯ ಚುಟುಕಾಗಿ: ಟಿಕೆಟ್ಟಿನಿಂದ ಡೀಸೆಲ್ ಮತ್ತು ಕೂಲಿ ಹುಟ್ಟಿತು, ಚಿತ್ರಗಳ ಪ್ರದರ್ಶನ ಶುಲ್ಕ ಹುಟ್ಟಲಿಲ್ಲ. ಆ ಕೊರತೆಯನ್ನು ಗುಂಪಿನವರು ಹಂಚಿಕೊಂಡರು. ಮಾಲೀಕರು ಮುಂದಿನ ಆಷಾಢಕ್ಕೂ ಮಂದಿರ ಕೊಡಲು ಒಪ್ಪಿದ್ದಾರೆ. ಷರತ್ತುಗಳು ಈಗ ಮೂರಾಗಿವೆ: ಪ್ರಮಾಣಪತ್ರ, ಒಂದು ವಾರ ಮೊದಲು ಪರೀಕ್ಷೆಯ ಪ್ರತಿ, ಮಧ್ಯಾಹ್ನದ ಆಟಕ್ಕೆ ಮೊದಲು ಜಾಗ ಖಾಲಿ. ಮೂರನೆಯದನ್ನು ಪಾಲಿಸಬೇಕೆಂದರೆ ವಾರಕ್ಕೊಂದು ಹೊಸ ಚಿತ್ರದ ಬದಲು, ತಿಂಗಳಿಗೆ ಎರಡೇ ಚಿತ್ರ ಇಟ್ಟು, ಒಂದೊಂದನ್ನೂ ಎರಡು ಭಾನುವಾರ ನೋಡುವುದು ಒಳ್ಳೆಯದೆಂದು ನನ್ನ ವಾದ. ಗುಂಪಿನಲ್ಲಿ ಎಲ್ಲರೂ ಒಪ್ಪಿಲ್ಲ. ನೋಡಿದ್ದನ್ನೇ ನೋಡಲು ಮತ್ತೆ 50 ರೂಪಾಯಿ ಯಾರು ಕೊಡುತ್ತಾರೆಂದು ಔಷಧಿ ಅಂಗಡಿಯವರು ಕೇಳುತ್ತಾರೆ. ಎರಡನೆಯ ವಾರಕ್ಕೆ ಹಳೆಯ ಟಿಕೆಟ್ಟನ್ನೇ ನಡೆಸಿದರೆ ಹೇಗೆಂದು ಮಾಲೀಕರನ್ನು ಕೇಳಬೇಕಾಗಿದೆ.

ತಾಲೂಕಿನ ಹುಡುಗರು ತಮ್ಮ ಮುಳುಗಡೆಯ ಚಿತ್ರಕ್ಕೆ ಪ್ರಮಾಣಪತ್ರ ಕೋರಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದಾರೆ. ಶುಲ್ಕದ ಒಂದು ಪಾಲು ನಮ್ಮ ಗುಂಪಿನದು. ಹಿನ್ನೀರಿನ ಆಡುಮಾತು ಪೇಟೆಯ ಮಕ್ಕಳಿಗೆ ಅರ್ಥವಾಗುವುದಿಲ್ಲವೆಂದು ಅದಕ್ಕೂ ಉಪಶೀರ್ಷಿಕೆ ಬೇಕಾಗಿದ್ದು, ಅದನ್ನು ತಿದ್ದಿಕೊಡಲು ಅರ್ಥಧಾರಿಗಳು ಒಪ್ಪಿಕೊಂಡಿದ್ದಾರೆ. ಒಂದು ಸಾಲಿಗೆ ಇಷ್ಟೇ ಅಕ್ಷರ ಎಂಬ ನಿಯಮ ಮಾತ್ರ ಅವರಿಗೆ ಇನ್ನೂ ಹಿಡಿಸಿಲ್ಲ.